ಇನ್ನೊಬ್ಬರ ಫೋಟೊ ಹಂಚಿಕೊಳ್ಳುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ಹಕ್ಕಿಗಳ ಫೋಟೊ ತೆಗೆಯುವುದು ನನ್ನ ಹವ್ಯಾಸ. ಊರಿನ ಸಂಘದ ಸ್ಮರಣ ಸಂಚಿಕೆಗೆ ಚಿತ್ರ ಹೊಂದಿಸುವ ಕೆಲಸವೂ ಬಹಳ ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ. ಹೀಗಾಗಿ ಎರಡೂ ಕಡೆಯ ಕಷ್ಟ ನನಗೆ ಗೊತ್ತು. ನನ್ನ ಚಿತ್ರವನ್ನು ಕೇಳದೆ ಎತ್ತಿಕೊಂಡಾಗ ಆಗುವ ನೋವನ್ನು ಉಂಡಿದ್ದೇನೆ. ನಾಳೆ ಬೆಳಿಗ್ಗೆ ಪುಟ ಪ್ರೆಸ್ಸಿಗೆ ಹೋಗಬೇಕು, ಚಿತ್ರವೇ ಇಲ್ಲ ಎನ್ನುವ ಪೇಚಾಟವನ್ನೂ ಪಟ್ಟಿದ್ದೇನೆ. ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಪಕ್ಕದಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಜೋಡಿಸಿದ್ದೇನೆ. ಉತ್ತರಗಳಿಗೆ ಆಧಾರ ಭಾರತದ 1957ರ ಹಕ್ಕುಸ್ವಾಮ್ಯ (ಕಾಪಿರೈಟ್) ಕಾಯ್ದೆ ಮತ್ತು ಅದಕ್ಕೆ 2012ರಲ್ಲಿ ಬಂದ ತಿದ್ದುಪಡಿ. ನಾನು ವಕೀಲನಲ್ಲ, ದೊಡ್ಡ ಮೊತ್ತದ ಅಥವಾ ಕೋರ್ಟಿನ ಮಾತು ಬಂದರೆ ವಕೀಲರನ್ನೇ ಕಾಣಿ.

## ಮೊದಲಿಗೆ ತಿಳಿಯಬೇಕಾದದ್ದು

"ಗೂಗಲ್‌ನಲ್ಲಿ ಹುಡುಕಿದರೆ ಸಿಕ್ಕಿತು. ಅದು ಎಲ್ಲರದ್ದೂ ತಾನೇ?"

ಅಲ್ಲ. ಗೂಗಲ್ ಆ ಚಿತ್ರ ಎಲ್ಲಿದೆ ಎಂದು ತೋರಿಸುತ್ತದೆ, ಅಷ್ಟೇ. ಯಾರದೋ ಮನೆಗೆ ದಾರಿ ತೋರಿಸಿದವರು ಮನೆಯ ಕೀಲಿಕೈ ಕೊಟ್ಟ ಹಾಗಾಗುವುದಿಲ್ಲ. ಎಲ್ಲರೂ ನೋಡಬಹುದಾದ ಚಿತ್ರವೇ ಬೇರೆ, ಎಲ್ಲರೂ ಬಳಸಬಹುದಾದ ಚಿತ್ರವೇ ಬೇರೆ. ಚಿತ್ರವನ್ನು ನಕಲು ಮಾಡುವ, ಸಾರ್ವಜನಿಕರ ಮುಂದಿಡುವ, ಅಚ್ಚು ಹಾಕಿ ಹಂಚುವ, ಮಾರ್ಪಡಿಸುವ ಹಕ್ಕುಗಳು ಮಾಲೀಕರಿಗೆ ಮಾತ್ರ ಸೇರಿದ್ದು ಎಂದು ಕಾಯ್ದೆಯ ಸೆಕ್ಷನ್ 14 ಹೇಳುತ್ತದೆ. ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳುವುದೂ ಒಂದು ಬಗೆಯ ನಕಲೇ.

"ಅದೇನು ಕಲಾಕೃತಿಯಾ? ಮೊಬೈಲಲ್ಲಿ ಸುಮ್ಮನೆ ತೆಗೆದದ್ದು."

ಕಾಯ್ದೆ ಈ ಪ್ರಶ್ನೆಯನ್ನು ಮೊದಲೇ ಊಹಿಸಿ ಉತ್ತರ ಕೊಟ್ಟಿದೆ. ಕಲಾತ್ಮಕ ಗುಣ ಇದ್ದರೂ ಇಲ್ಲದಿದ್ದರೂ ಫೋಟೊ ಕಲಾಕೃತಿಯೇ. ಅಜ್ಜಿ ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದಾಗ ಮೊಮ್ಮಗಳು ಮೊಬೈಲಿನಲ್ಲಿ ತೆಗೆದ ಚಿತ್ರಕ್ಕೂ ದೊಡ್ಡ ಛಾಯಾಗ್ರಾಹಕರ ಚಿತ್ರಕ್ಕಿರುವ ರಕ್ಷಣೆಯೇ ಇದೆ.

"ಮೂಲೆಯಲ್ಲಿ ಹೆಸರಿಲ್ಲ, ಕಾಪಿರೈಟ್ ಗುರುತೂ ಇಲ್ಲ. ಆಗ?"

ಆಗಲೂ ಹಕ್ಕು ಇದ್ದೇ ಇದೆ. ಕ್ಲಿಕ್ ಮಾಡಿದ ಕ್ಷಣದಲ್ಲೇ ಅದು ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಗುರುತು ಹಾಕಬೇಕಿಲ್ಲ, ಯಾರಿಗೂ ಅರ್ಜಿ ಕೊಡಬೇಕಿಲ್ಲ. ಹತ್ತು ಕಡೆ ಸುತ್ತಿ ಬಂದ ಚಿತ್ರದ ಮೇಲೆ ಹೆಸರಿಲ್ಲವೆಂದರೆ ದಾರಿಯಲ್ಲಿ ಯಾರೋ ಅದನ್ನು ಕತ್ತರಿಸಿರುವ ಸಾಧ್ಯತೆಯೇ ಹೆಚ್ಚು.

"ಕೆಳಗೆ 'ಚಿತ್ರಕೃಪೆ: ಅಂತರ್ಜಾಲ' ಅಂತ ಹಾಕಿದರೆ ಸಾಕಲ್ಲವಾ?"

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಪ್ರಶ್ನೆ ಇದು. ಕನ್ನಡದ ಪುಟಗಳಲ್ಲಿ ಈ ಎರಡು ಪದಗಳು ಅಷ್ಟು ಬೇರೂರಿವೆ.

ದಾಂಡೇಲಿಯಲ್ಲಿ ಒಮ್ಮೆ ಮೂರು ದಿನ ಕಾದು ಮಂಗಟ್ಟೆ ಹಕ್ಕಿಯ ಚಿತ್ರ ತೆಗೆದಿದ್ದೆ. ಗಂಡು ಹಕ್ಕಿ ಪೊಟರೆಯೊಳಗಿದ್ದ ಹೆಣ್ಣಿಗೆ ಅತ್ತಿಹಣ್ಣು ಕೊಡುತ್ತಿದ್ದ ಗಳಿಗೆ. ಮುಂದಿನ ವರ್ಷ ಅದೇ ಚಿತ್ರ ರಸ್ತೆ ಬದಿಯ ಫ್ಲೆಕ್ಸಿನ ಮೇಲೆ ವಸತಿಗೃಹವೊಂದರ ಜಾಹೀರಾತಾಗಿ ಕಂಡಿತು. ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ಕೃಪೆ: ಅಂತರ್ಜಾಲ' ಎಂದಿತ್ತು. ಫೋನ್ ಮಾಡಿ ಕೇಳಿದಾಗ, "ಕೃಪೆ ಹಾಕಿದ್ದೀವಲ್ಲ ಸಾರ್" ಎಂದರು. ಅವರ ದನಿಯಲ್ಲಿ ಕೆಟ್ಟ ಉದ್ದೇಶವೇನೂ ಕಾಣಲಿಲ್ಲ. ಅಷ್ಟು ಮಾಡಿದರೆ ಸಾಕೆಂದು ನಿಜವಾಗಿಯೂ ನಂಬಿದ್ದರು. ಆದರೆ ಆ ಮೂರು ದಿನ ಮರದ ಬುಡದಲ್ಲಿ ಕೂತಿದ್ದವನು ಯಾರು ಎಂಬುದು ಆ ಎರಡು ಪದಗಳಲ್ಲಿ ಎಲ್ಲೂ ಇರಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಋಣಗಳಿವೆ. ಒಂದು ಅನುಮತಿ, ಇನ್ನೊಂದು ಹೆಸರು. ಹೆಸರು ಹಾಕಿದರೆ ಅನುಮತಿ ಪಡೆದಂತಾಗುವುದಿಲ್ಲ. ಅನುಮತಿ ಸಿಕ್ಕಿತೆಂದು ಹೆಸರು ಬಿಡುವಂತೆಯೂ ಇಲ್ಲ. ತನ್ನ ಕೃತಿ ತನ್ನದೆಂದು ಹೇಳಿಸಿಕೊಳ್ಳುವ ಹಕ್ಕು, ತನ್ನ ಗೌರವಕ್ಕೆ ಕುಂದು ಬರುವ ಹಾಗೆ ಅದನ್ನು ತಿರುಚಿದರೆ ತಡೆಯುವ ಹಕ್ಕು, ಎರಡೂ ಸೆಕ್ಷನ್ 57ರಲ್ಲಿವೆ. ಚಿತ್ರದ ಹಕ್ಕನ್ನು ಪೂರ್ತಿ ಮಾರಿದ ಮೇಲೂ ಅವು ಚಿತ್ರ ತೆಗೆದವರ ಬಳಿಯೇ ಉಳಿಯುತ್ತವೆ. 'ಅಂತರ್ಜಾಲ' ಎಂಬ ಹೆಸರಿನ ಛಾಯಾಗ್ರಾಹಕರು ಯಾರೂ ಇಲ್ಲ. ಹಾಗೆ ಬರೆದರೆ ಎರಡರಲ್ಲಿ ಯಾವ ಋಣವೂ ತೀರುವುದಿಲ್ಲ.

"ಫೋಟೊದಲ್ಲಿ ಇರೋದು ನಾನು. ಅಂದ ಮೇಲೆ ಅದು ನನ್ನದೇ ಅಲ್ಲವಾ?"

ಕಾಯ್ದೆಯ ಪ್ರಕಾರ ಫೋಟೊದ ಕರ್ತೃ ಅದನ್ನು ತೆಗೆದವರು. ಜೋಗದ ಮುಂದೆ ನಿಂತು "ಒಂದು ಫೋಟೊ ತೆಗೆದುಕೊಡ್ತೀರಾ?" ಎಂದು ನಿಮ್ಮ ಮೊಬೈಲನ್ನು ಅಪರಿಚಿತರ ಕೈಗೆ ಕೊಟ್ಟರೆ, ಅಕ್ಷರಶಃ ಓದಿದಾಗ ಕರ್ತೃ ಅವರೇ. ಇದನ್ನು ಹಿಡಿದು ಯಾರೂ ಜಗಳಕ್ಕೆ ಬರುವುದಿಲ್ಲ ಬಿಡಿ. ಆದರೆ ಕ್ಯಾಮೆರಾ ಯಾರದ್ದು, ಮುಖ ಯಾರದ್ದು ಎಂಬುದರಿಂದ ಹಕ್ಕು ತೀರ್ಮಾನವಾಗುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಚಿತ್ರದಲ್ಲಿರುವವರಿಗೆ ಬೇರೆಯೇ ಹಕ್ಕಿದೆ, ಅದು ಖಾಸಗಿತನ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ಹಾಗಾಗಿ ಛಾಯಾಗ್ರಾಹಕರ ಅನುಮತಿ ಸಿಕ್ಕರೂ ಚಿತ್ರದಲ್ಲಿರುವ ವ್ಯಕ್ತಿಯನ್ನು ಕೇಳದೆ ಅವರ ಮುಖವನ್ನು ಜಾಹೀರಾತಿಗೆ ಹಾಕುವುದು ಸರಿಯಲ್ಲ. ಅಪರಾಧ ಪ್ರಕರಣಗಳಲ್ಲಿ ಸಿಲುಕಿದ ಮಕ್ಕಳ ಮತ್ತು ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಸಿಗುವಂಥ ಚಿತ್ರ ಹಂಚುವುದು ಪ್ರತ್ಯೇಕ ಅಪರಾಧ. ಕನಿಕರದಿಂದ ಫಾರ್ವರ್ಡ್ ಮಾಡಿದರೂ ಅಪರಾಧ ಅಪರಾಧವೇ.

"ದುಡ್ಡು ಕೊಟ್ಟು ತೆಗೆಸಿದ ಮದುವೆ ಫೋಟೊ ಯಾರದ್ದು? ಸ್ಟುಡಿಯೋದವರು ನಮ್ಮದು ಅಂತಾರೆ."

ಇಲ್ಲಿ ಕಾಯ್ದೆ ಗ್ರಾಹಕರ ಪರ ಇದೆ. ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೊಗೆ ಅವರೇ ಮೊದಲ ಮಾಲೀಕರು ಎನ್ನುತ್ತದೆ ಸೆಕ್ಷನ್ 17. ಬೇರೆ ಒಪ್ಪಂದ ಇಲ್ಲದಿದ್ದರೆ ಎಂಬ ಷರತ್ತು ಮಾತ್ರ ಇದೆ. ಆ ಒಪ್ಪಂದ ಬಹಳ ಸಲ ಅಡ್ವಾನ್ಸ್ ಕೊಟ್ಟಾಗ ಸಹಿ ಮಾಡಿದ ಬುಕಿಂಗ್ ಚೀಟಿಯಲ್ಲೇ ಇರುತ್ತದೆ. ಅದನ್ನು ತೆಗೆದು ಓದಿ. ಅಲ್ಲಿ ಏನೂ ಇಲ್ಲದಿದ್ದರೆ ಸ್ಟುಡಿಯೋದವರು ನಿಮ್ಮ ಮುಹೂರ್ತದ ಚಿತ್ರವನ್ನು ಅಂಗಡಿಯ ಗಾಜಿಗೆ ಹಚ್ಚುವ ಮೊದಲು ನಿಮ್ಮನ್ನು ಕೇಳಬೇಕು.

ಹಣ ಪಡೆಯದೆ ಪ್ರೀತಿಯಿಂದ ತೆಗೆದುಕೊಟ್ಟ ಗೆಳೆಯರ ಚಿತ್ರಗಳ ಹಕ್ಕು ಗೆಳೆಯರದ್ದೇ. ಮಾಲೀಕತ್ವ ಯಾರದ್ದೇ ಇರಲಿ, ತೆಗೆದವರ ಹೆಸರು ಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮದುವೆ ಮನೆಯಲ್ಲಿ ಊಟಕ್ಕೂ ಕೂರದೆ ನಿಂತು ದುಡಿದವರು ಅವರು.

## ದಿನನಿತ್ಯದ ಹಂಚಿಕೆ

"ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ಮನೆಯವರ ಗ್ರೂಪಿಗೆ ಕಳಿಸಿದರೂ ತಪ್ಪಾ?"

ಖಾಸಗಿ, ವೈಯಕ್ತಿಕ ಬಳಕೆಗೆ ಸೆಕ್ಷನ್ 52 ಅವಕಾಶ ಕೊಟ್ಟಿದೆ. ಅಕ್ಕ ತಂಗಿಯರು, ಚಿಕ್ಕಪ್ಪ ದೊಡ್ಡಪ್ಪಂದಿರು ಇರುವ ಹತ್ತು ಜನರ ಗ್ರೂಪಿನಲ್ಲಿ ಒಂದು ಸೂರ್ಯೋದಯದ ಚಿತ್ರ ಹಂಚಿದರೆ ನಾನಂತೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಒಬ್ಬರಿಗೊಬ್ಬರು ಪರಿಚಯವೇ ಇಲ್ಲದ ಐನೂರು ಜನರ ಗ್ರೂಪು, ಸಾವಿರಾರು ಜನ ಹಿಂಬಾಲಿಸುವ ಚಾನೆಲ್ಲು ಮನೆಯ ಜಗಲಿಯಲ್ಲ, ಸಂತೆ. ಅಲ್ಲಿ ಹಾಕಿದ್ದು ಸಾರ್ವಜನಿಕರ ಮುಂದಿಟ್ಟಂತೆಯೇ. ಸ್ಟೇಟಸ್‌ಗೂ ಇದೇ ಅಳತೆ: ನೋಡುವವರು ಮನೆಯವರೋ, ನಿಮ್ಮ ಅಂಗಡಿಯ ಗಿರಾಕಿಗಳೋ?

"ಶೇರ್ ಬಟನ್ ಒತ್ತುವುದಕ್ಕೂ ಸ್ಕ್ರೀನ್‌ಶಾಟ್ ತೆಗೆದು ಹಾಕುವುದಕ್ಕೂ ಏನು ವ್ಯತ್ಯಾಸ?"

ಬಹಳ ವ್ಯತ್ಯಾಸ ಇದೆ. ಫೇಸ್‌ಬುಕ್ಕಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಚಿತ್ರ ಹಾಕಿದವರು ಆ ಜಾಲತಾಣದ ನಿಬಂಧನೆಗಳಿಗೆ ಒಪ್ಪಿರುತ್ತಾರೆ. ಅಲ್ಲಿನ ಶೇರ್ ಬಟನ್ ಆ ಒಪ್ಪಿಗೆಯೊಳಗಿನದು. ಹಂಚಿದ ಚಿತ್ರದ ಜೊತೆ ಅವರ ಹೆಸರೂ ಹೋಗುತ್ತದೆ, ಅವರು ಮೂಲ ಪೋಸ್ಟನ್ನು ಅಳಿಸಿದರೆ ನಿಮ್ಮಲ್ಲೂ ಅಳಿಯುತ್ತದೆ. ಸ್ಕ್ರೀನ್‌ಶಾಟ್ ಹೊಸ ನಕಲು. ಅವರು ಅನುಮತಿ ಕೊಟ್ಟದ್ದು ಜಾಲತಾಣದ ಕಂಪನಿಗೇ ಹೊರತು ಪಕ್ಕದ ಬಳಕೆದಾರರಿಗಲ್ಲ.

"ಬರೀ ಲಿಂಕ್ ಕೊಟ್ಟರೆ?"

ಧಾರಾಳವಾಗಿ ಕೊಡಿ. ಎಲ್ಲಕ್ಕಿಂತ ಸುರಕ್ಷಿತ ದಾರಿ ಇದೇ, ಛಾಯಾಗ್ರಾಹಕರಿಗೂ ಓದುಗರು ಸಿಗುತ್ತಾರೆ. ಕದ್ದ ಚಿತ್ರ ಇರುವ ತಾಣವೆಂದು ಗೊತ್ತಿದ್ದೂ ಅಲ್ಲಿಗೆ ದಾರಿ ತೋರಿಸಬೇಡಿ.

"ನಾವೇನು ಲಾಭ ಮಾಡ್ತಿಲ್ಲ, ಕನ್ನಡದ ಕೆಲಸ ಮಾಡ್ತಿದ್ದೀವಿ. ಆದರೂ ಕೇಳಬೇಕಾ?"

ಕೇಳಬೇಕು. ಲಾಭ ಇಲ್ಲವೆಂಬುದು ಶಿಕ್ಷೆಯ ಪ್ರಮಾಣ ತಗ್ಗಿಸಲು ಕಾರಣವಾಗಬಹುದು, ತಪ್ಪನ್ನು ಅಳಿಸುವುದಿಲ್ಲ. ರಾಜ್ಯೋತ್ಸವದ ಬ್ಯಾನರಿಗೆ ಶಾಮಿಯಾನದವರು, ಮೈಕ್‌ಸೆಟ್‌ನವರು, ಅಚ್ಚು ಹಾಕಿದವರು ಎಲ್ಲರಿಗೂ ಹಣ ಕೊಟ್ಟು, ಬ್ಯಾನರಿನ ನಡುವೆ ಇರುವ ಚಿತ್ರ ತೆಗೆದವರನ್ನು ಮಾತ್ರ ಒಂದು ಮಾತೂ ಕೇಳದೆ ಬಿಡುವುದನ್ನು ಎಷ್ಟೋ ಸಮಿತಿಗಳಲ್ಲಿ ಕಂಡಿದ್ದೇನೆ. ಆ ಛಾಯಾಗ್ರಾಹಕರೂ ಬಹುಪಾಲು ಕನ್ನಡಿಗರೇ. ಕೇಳಿದರೆ ಹೆಚ್ಚಿನವರು ಸಂತೋಷದಿಂದ ಕೊಡುತ್ತಾರೆ.

"ವಾಟರ್‌ಮಾರ್ಕ್ ಅಡ್ಡ ಬರ್ತಿತ್ತು, ಕ್ರಾಪ್ ಮಾಡಿ ಹಾಕಿದೆ."

ದಯವಿಟ್ಟು ಮಾಡಬೇಡಿ. ಕೃತಿ ಯಾರದ್ದೆಂದು ತಿಳಿಸುವ ಮಾಹಿತಿಯನ್ನು ಬೇಕೆಂದೇ ತೆಗೆದುಹಾಕುವುದಕ್ಕೆ 2012ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 65ಬಿ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇಟ್ಟಿದೆ. ಇನ್ನೊಂದು ಮಾತು: ಹೆಸರನ್ನು ಕತ್ತರಿಸಿದ ಮೇಲೆ "ಯಾರದ್ದೆಂದು ಗೊತ್ತಿರಲಿಲ್ಲ" ಎಂದು ಹೇಳುವ ದಾರಿಯೂ ಮುಚ್ಚಿಹೋಗುತ್ತದೆ.

"ಬಣ್ಣ ಬದಲಿಸಿ, ಶೇಕಡ 30ರಷ್ಟು ಮಾರ್ಪಡಿಸಿದರೆ ನಮ್ಮದಾಗುತ್ತಂತೆ?"

ಅಂಥ ಯಾವ ಶೇಕಡಾವಾರು ಲೆಕ್ಕವೂ ನಮ್ಮ ಕಾಯ್ದೆಯಲ್ಲಿಲ್ಲ. ಫೋಟೊ ನೋಡಿಕೊಂಡು ಬರೆದ ಪೆನ್ಸಿಲ್ ಚಿತ್ರಕ್ಕೂ ಮೂಲದ ಹಂಗು ತಪ್ಪಿದ್ದಲ್ಲ. ಆ ಹಕ್ಕಿ ಹೇಗಿರುತ್ತದೆ ಎಂದು ಹತ್ತು ಚಿತ್ರ ನೋಡಿ ಕಲಿತು ನಿಮ್ಮದೇ ಭಂಗಿಯಲ್ಲಿ ಬರೆದರೆ ಅದು ನಿಮ್ಮದು. ಒಂದೇ ಚಿತ್ರದ ನೆರಳು, ಕೋನ, ಕೊಂಬೆಯ ಓರೆಯ ಸಮೇತ ಎತ್ತಿಕೊಂಡರೆ ಅದು ನಕಲು.

"ಪೇಪರಿನಲ್ಲಿ ಬಂದ ನಮ್ಮ ಕಾರ್ಯಕ್ರಮದ ಫೋಟೊ ನಮ್ಮ ಪುಸ್ತಕಕ್ಕೆ ಹಾಕಬಹುದಾ?"

ಪತ್ರಿಕೆಯನ್ನು ಕೇಳಿ. ಸಂಬಳಕ್ಕಿರುವ ಪತ್ರಿಕಾ ಛಾಯಾಗ್ರಾಹಕರ ಚಿತ್ರವನ್ನು ಪತ್ರಿಕೆಗಳಲ್ಲಿ ಪ್ರಕಟಿಸುವ ಹಕ್ಕು ಪತ್ರಿಕೆಯ ಮಾಲೀಕರದು. ಬೇರೆ ಒಪ್ಪಂದವಿಲ್ಲದಿದ್ದರೆ ಉಳಿದ ಬಳಕೆಗಳ ಹಕ್ಕು ಛಾಯಾಗ್ರಾಹಕರದು. ಹಾಗಾಗಿ ಪುಸ್ತಕಕ್ಕೆ ಬೇಕಾದಾಗ ಇಬ್ಬರನ್ನೂ ಕೇಳುವುದು ಒಳ್ಳೆಯದು. ಊರಿನ ವರದಿಗಾರರ ಮೂಲಕ ಕೇಳಿದರೆ ಕೆಲಸ ಬೇಗ ಆಗುತ್ತದೆ.

## ಕಾನೂನೇ ತೆರೆದಿಟ್ಟ ಬಾಗಿಲುಗಳು

"ನಾನು ಪ್ರೈಮರಿ ಶಾಲೆ ಮೇಷ್ಟ್ರು. ಪಾಠಕ್ಕೆ ಚಿತ್ರ ತೋರಿಸೋಕೂ ಹೆದರಬೇಕಾ ಸಾರ್?"

ಹೆದರಬೇಡಿ ಮೇಷ್ಟ್ರೇ. ಪಾಠ ಹೇಳುವಾಗ ಗುರುಗಳಾಗಲಿ ಮಕ್ಕಳಾಗಲಿ ಮಾಡಿಕೊಳ್ಳುವ ನಕಲಿಗೆ ಸೆಕ್ಷನ್ 52ರಲ್ಲಿ ವಿನಾಯಿತಿ ಇದೆ. ಪ್ರಶ್ನೆಪತ್ರಿಕೆಯಲ್ಲಿ ಚಿತ್ರ ಕೊಟ್ಟು ಗುರುತಿಸಲು ಹೇಳುವುದಕ್ಕೂ ಇದೆ. ಪಡೆದ ಚಿತ್ರವನ್ನು ತರಗತಿಯಲ್ಲಿ ತೋರಿಸಿ, ಚಾರ್ಟ್ ಮಾಡಿಸಿ. ಅದೇ ಚಿತ್ರಗಳನ್ನು ಸೇರಿಸಿ ಗೈಡ್ ಅಚ್ಚು ಹಾಕಿ ಮಾರುವುದು, ಎಲ್ಲರಿಗೂ ತೆರೆದ ಯೂಟ್ಯೂಬ್ ಚಾನೆಲ್ಲಿಗೆ ಹಾಕಿ ಜಾಹೀರಾತಿನ ಹಣ ಪಡೆಯುವುದು ಮಾತ್ರ ಆ ವಿನಾಯಿತಿಯ ಆಚೆಯದು. ಮಕ್ಕಳಿಗೆ ಚಿತ್ರ ತೋರಿಸುವಾಗ "ಇದನ್ನು ತೆಗೆದವರು ಇಂಥವರು" ಎಂದು ಒಂದು ಮಾತು ಹೇಳಿದರೆ ಈ ಇಡೀ ಪುಟಕ್ಕಿಂತ ದೊಡ್ಡ ಪಾಠ ಅವರಿಗೆ ಸಿಗುತ್ತದೆ.

"ಛಾಯಾಚಿತ್ರ ಪ್ರದರ್ಶನದ ವಿಮರ್ಶೆ ಬರೀತಿದ್ದೀನಿ. ಒಂದೆರಡು ಚಿತ್ರ ಹಾಕಬಹುದಾ?"

ಹಾಕಬಹುದು. ವಿಮರ್ಶೆಗೆ ಮತ್ತು ಪ್ರಚಲಿತ ವಿದ್ಯಮಾನಗಳ ವರದಿಗೆ ನ್ಯಾಯಯುತ ಬಳಕೆಯ ಅವಕಾಶ ಇದೆ. ಅಲ್ಲಿ ಬರುವ ಪ್ರಶ್ನೆ ಒಂದೇ: ನಿಮ್ಮ ಮಾತು ಆ ಚಿತ್ರದ ಬಗ್ಗೆಯೋ, ಅಥವಾ ನಿಮ್ಮ ಮಾತಿಗೆ ಅಲಂಕಾರವಾಗಿ ಚಿತ್ರ ಬಂದಿದೆಯೋ? ಚಿತ್ರದ ಬೆಳಕು, ಚೌಕಟ್ಟು ಕುರಿತು ಬರೆದು ಅದನ್ನು ತೋರಿಸಿದರೆ ವಿಮರ್ಶೆ. ಮಳೆಗಾಲದ ಬಗ್ಗೆ ಲಲಿತ ಪ್ರಬಂಧ ಬರೆದು ಮೇಲೆ ಯಾರದೋ ಮಳೆಯ ಚಿತ್ರ ಹಾಕಿದರೆ ಅದು ವಿಮರ್ಶೆಯಲ್ಲ. ತೆಗೆದವರ ಹೆಸರು ಎರಡೂ ಕಡೆ ಬೇಕು.

"ಹಂಪಿಯ ಕಲ್ಲಿನ ರಥಕ್ಕೆ ಯಾರ ಕಾಪಿರೈಟು? ಅದರ ಫೋಟೊಗೆ ಮಾತ್ರ ಯಾಕೆ?"

ಕಲ್ಲಿನ ರಥಕ್ಕೆ ಕಾಪಿರೈಟ್ ಇಲ್ಲ, ಅದರ ಪ್ರತಿಯೊಂದು ಫೋಟೊಗೂ ಇರಬಹುದು. ಇದು ಚೆನ್ನಾಗಿ ಅರ್ಥವಾಗಬೇಕಾದರೆ ಹಂಪಿಯದೇ ಒಂದು ಉದಾಹರಣೆ ಇದೆ. ಕರ್ನಲ್ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರ ಹೊತ್ತಿಗೆ ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ವಿಜಯನಗರದ ಅವಶೇಷಗಳನ್ನು ಸೆರೆಹಿಡಿದಿದ್ದರು. ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ನಂತರ, 1980ರ ದಶಕದಲ್ಲಿ, ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ಅದೇ ಕೋನಗಳಲ್ಲಿ ಮತ್ತೆ ಚಿತ್ರ ತೆಗೆದರು. ಕಲ್ಲು ಅದೇ, ನಿಂತ ನೆಲವೂ ಅದೇ. ಆದರೆ ಗ್ರೀನ್‌ಲಾ ಚಿತ್ರಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ, ಗಾಲಿಂಗ್ಸ್ ಚಿತ್ರಗಳದ್ದು ಮುಗಿದಿಲ್ಲ. ನೀವು ನಾಳೆ ಅಲ್ಲಿ ನಿಂತು ತೆಗೆದರೆ ಆ ಚಿತ್ರ ನಿಮ್ಮದು. ದೃಶ್ಯ ಯಾರ ಸೊತ್ತೂ ಅಲ್ಲ. ನೋಡಿ ಹಿಡಿದ ಚಿತ್ರ ಹಿಡಿದವರದ್ದು.

ಈಗಿನ ಕಾಲದ ಕಟ್ಟಡ ಮತ್ತು ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಲ್ಲಿಸಿರುವ ಪ್ರತಿಮೆಗಳ ಫೋಟೊ ತೆಗೆದು ಪ್ರಕಟಿಸಲು ಕಾಯ್ದೆ ಅವಕಾಶ ಕೊಟ್ಟಿದೆ. ಗೋಡೆಯ ಮೇಲೆ ಕಲಾವಿದರು ಬರೆದ ವರ್ಣಚಿತ್ರಕ್ಕೆ ಆ ಅವಕಾಶ ವಿಸ್ತರಿಸಿಲ್ಲ. ಊರಿನ ಗೋಡೆಚಿತ್ರವನ್ನು ಕ್ಯಾಲೆಂಡರ್ ಮಾಡುವ ಮೊದಲು ಬರೆದವರನ್ನು ಕೇಳಿ.

"ಹಳೇ ಫೋಟೊ ಎಷ್ಟು ವರ್ಷಕ್ಕೆ ಎಲ್ಲರದ್ದಾಗುತ್ತೆ?"

ಹಿಂದೆ ಫೋಟೊಗೆ ಬೇರೆಯೇ ಲೆಕ್ಕವಿತ್ತು: ಪ್ರಕಟವಾದ ಮೇಲೆ 60 ವರ್ಷ. 2012ರ ತಿದ್ದುಪಡಿ ಆ ಸೆಕ್ಷನ್ನನ್ನೇ ತೆಗೆದುಹಾಕಿತು. ಈಗ ಕಥೆ, ಕವಿತೆಗಳಂತೆ ಫೋಟೊಗೂ ತೆಗೆದವರ ಜೀವಿತಾವಧಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ.

ಕನ್ನಡದ ಓದುಗರಿಗೆ ಹತ್ತಿರದ ಎರಡು ಹೆಸರು ಹೇಳುತ್ತೇನೆ. ಪೂರ್ಣಚಂದ್ರ ತೇಜಸ್ವಿ 2007ರಲ್ಲಿ ತೀರಿಕೊಂಡರು. ಅವರು ತೆಗೆದ ಹಕ್ಕಿಗಳ ಚಿತ್ರಗಳಿಗೆ 2067ರ ಕೊನೆಯವರೆಗೆ ರಕ್ಷಣೆ ಇದೆ. ಮೈಸೂರಿನ ಹಿರಿಯ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ 2009ರಲ್ಲಿ ತೀರಿಕೊಂಡರು. ಅವರ ಚಿತ್ರಗಳಿಗೆ 2069ರ ಕೊನೆಯವರೆಗೆ. ಹುಟ್ಟುಹಬ್ಬದ ದಿನ ನೆನಪಿನ ಪೋಸ್ಟರುಗಳಲ್ಲಿ ಸಾಹಿತಿಗಳ ಭಾವಚಿತ್ರ ಹಂಚುವಾಗಲೂ ಲೆಕ್ಕ ಹಾಕಬೇಕಾದದ್ದು ಸಾಹಿತಿಯ ಆಯುಸ್ಸನ್ನಲ್ಲ, ಚಿತ್ರ ತೆಗೆದವರ ಆಯುಸ್ಸನ್ನು.

1950ರೊಳಗೆ ಪ್ರಕಟವಾದ ಭಾರತದ ಚಿತ್ರಗಳ ಹಕ್ಕು ತಿದ್ದುಪಡಿ ಬರುವ ಮೊದಲೇ ಮುಗಿದಿತ್ತು. ಮುಗಿದ ಹಕ್ಕಿಗೆ ಮರುಜೀವ ಬಂದಿಲ್ಲ.

"ಸಿನಿಮಾದ ಒಂದು ದೃಶ್ಯದ ಸ್ಕ್ರೀನ್‌ಶಾಟ್?"

ಚಲನಚಿತ್ರದ ತುಣುಕನ್ನು ಕಾಯ್ದೆ ಫೋಟೊ ಎಂದು ಎಣಿಸುವುದಿಲ್ಲ. ಅದು ಆ ಚಲನಚಿತ್ರದ ಭಾಗ, ಹಕ್ಕು ಸಾಮಾನ್ಯವಾಗಿ ನಿರ್ಮಾಪಕರದು, ಅವಧಿ ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಚಿತ್ರೀಕರಣದ ವೇಳೆ ಸ್ಥಿರಛಾಯಾಗ್ರಾಹಕರು ಬೇರೆ ಕ್ಯಾಮೆರಾದಲ್ಲಿ ತೆಗೆದದ್ದು ಮಾತ್ರ ಫೋಟೊ.

"ಸರ್ಕಾರಿ ಇಲಾಖೆಯ ಫೋಟೊ ಜನರದ್ದೇ ಅಲ್ಲವಾ? ನಾಸಾದ್ದು ಫ್ರೀ ಅಂತಾರೆ."

ಅಮೆರಿಕದ ಕಾನೂನಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರದ ಕೃತಿಗಳಿಗೆ ಕಾಪಿರೈಟ್ ಇಲ್ಲ, ಅದಕ್ಕೇ ನಾಸಾದ ಚಿತ್ರಗಳು ಬಹುತೇಕ ಮುಕ್ತ. ನಮ್ಮ ಕಾನೂನು ಹಾಗಲ್ಲ. ಇಲ್ಲಿ ಸರ್ಕಾರವೇ ಮಾಲೀಕ, ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ. ಇಲಾಖೆಯ ಜಾಲತಾಣದ ತಳದಲ್ಲಿ ಕಾಪಿರೈಟ್ ನೀತಿಯ ಪುಟ ಇರುತ್ತದೆ, ಅದನ್ನು ಓದಿ. ತೆರಿಗೆದಾರನಾಗಿ ನನಗೆ ಈ ವಿಷಯದಲ್ಲಿ ಅಮೆರಿಕದ ದಾರಿಯೇ ಸರಿ ಎನ್ನಿಸುತ್ತದೆ.

## ಅನುಮತಿ ಕೇಳುವುದು, ಕೊಡುವುದು

"ವಿಕಿಪೀಡಿಯದಲ್ಲಿರುವ ಚಿತ್ರಗಳನ್ನು ಬಳಸಬಹುದು ಅಂತಾರೆ. ನಿಜವಾ?"

ನಿಜ, ಷರತ್ತುಗಳನ್ನು ಪಾಲಿಸಿದರೆ. ಅಲ್ಲಿನ ಹೆಚ್ಚಿನ ಚಿತ್ರಗಳು ವಿಕಿಮೀಡಿಯ ಕಾಮನ್ಸ್ ಎಂಬ ಭಂಡಾರದಲ್ಲಿವೆ, ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ. ಅಂದರೆ ಹಕ್ಕುದಾರರು ಇಂತಿಂಥ ಷರತ್ತಿನ ಮೇಲೆ ಎಲ್ಲರಿಗೂ ಮೊದಲೇ ಕೊಟ್ಟಿಟ್ಟ ಅನುಮತಿ. ಚಿತ್ರದ ಮೇಲೆ ಒತ್ತಿದರೆ ಯಾವ ಪರವಾನಗಿ ಎಂದು ತಿಳಿಯುತ್ತದೆ. 'ಬೈ' ಎಂದಿದ್ದರೆ ಹೆಸರು ಹಾಕಬೇಕು. 'ಎಸ್‌ಎ' ಎಂದಿದ್ದರೆ ನೀವು ಮಾರ್ಪಡಿಸಿದ್ದನ್ನೂ ಅದೇ ಪರವಾನಗಿಯಲ್ಲಿ ಬಿಡಬೇಕು. ಬೇರೆ ತಾಣಗಳಲ್ಲಿ 'ಎನ್‌ಸಿ' ಕಂಡರೆ ವಾಣಿಜ್ಯಕ್ಕೆ ಸಲ್ಲದು, 'ಎನ್‌ಡಿ' ಕಂಡರೆ ಮಾರ್ಪಡಿಸಿ ಹಂಚುವಂತಿಲ್ಲ. 'ಸಿಸಿ ಸೊನ್ನೆ' ಎಂದರೆ ತೆಗೆದವರು ತಮ್ಮೆಲ್ಲ ಹಕ್ಕನ್ನು ಬಿಟ್ಟುಕೊಟ್ಟಿದ್ದಾರೆ.

ಹೆಸರು ಹಾಕುವಾಗ 'ಕೃಪೆ: ವಿಕಿಪೀಡಿಯ' ಎಂದರೆ ಆಗಲಿಲ್ಲ. ತೆಗೆದವರ ಹೆಸರು, ಪರವಾನಗಿಯ ಹೆಸರು, ಮೂಲದ ಲಿಂಕ್, ಬದಲಾವಣೆ ಮಾಡಿದ್ದರೆ ಅದರ ಸೂಚನೆ ಇರಬೇಕು. ಚಿತ್ರವನ್ನು ಉಚಿತವಾಗಿ ಕೊಟ್ಟವರು ಪ್ರತಿಯಾಗಿ ಕೇಳಿದ್ದು ಇಷ್ಟೇ.

"ಅನುಮತಿ ಹೇಗೆ ಕೇಳೋದು? ಏನು ಬರೀಬೇಕು ಅಂತಲೇ ಗೊತ್ತಾಗಲ್ಲ."

ನಾನು ಕಳಿಸುವ ಸಂದೇಶ ಸುಮಾರು ಹೀಗಿರುತ್ತದೆ:

"ನಮಸ್ಕಾರ ಮೇಡಂ. ಕೊಕ್ಕರೆಬೆಳ್ಳೂರಿನಲ್ಲಿ ನೀವು ತೆಗೆದ ಹೆಜ್ಜಾರ್ಲೆಯ ಚಿತ್ರ ನೋಡಿದೆ, ಮರಿಗೆ ಗುಟುಕು ಕೊಡುತ್ತಿರುವುದು. ಅದನ್ನು ನಮ್ಮ ಸಂಘದ ಸ್ಮರಣ ಸಂಚಿಕೆಯ ಒಳಪುಟದಲ್ಲಿ ಒಂದು ಸಲ ಬಳಸಲು ನಿಮ್ಮ ಅನುಮತಿ ಬೇಕಿತ್ತು. 500 ಪ್ರತಿ ಅಚ್ಚಾಗುತ್ತದೆ, ಮಾರಾಟಕ್ಕಲ್ಲ, ಆನ್‌ಲೈನಿನಲ್ಲಿ ಹಾಕುವುದಿಲ್ಲ. ಚಿತ್ರದ ಕೆಳಗೇ ನಿಮ್ಮ ಹೆಸರಿರುತ್ತದೆ. ನಿಮ್ಮ ಸಂಭಾವನೆ ಎಷ್ಟೆಂದು ತಿಳಿಸಿ, ನಮ್ಮ ಕೈಲಾದರೆ ಖಂಡಿತ ಕೊಡುತ್ತೇವೆ. ಬೇಡವೆಂದರೂ ಬೇಸರವಿಲ್ಲ. ಸಂಚಿಕೆಯ ಪ್ರತಿ ಯಾವ ವಿಳಾಸಕ್ಕೆ ಕಳಿಸಲಿ?"

ಯಾವ ಚಿತ್ರ, ಎಲ್ಲಿಗೆ, ಎಷ್ಟು ಪ್ರತಿ, ಎಷ್ಟು ಸಲ, ದುಡ್ಡಿನ ಮಾತು, ಹೆಸರು ಎಲ್ಲಿ, ಎಲ್ಲವೂ ಅದರಲ್ಲಿದೆ. ಸಂಭಾವನೆಯ ಮಾತನ್ನು ಕೇಳುವವರೇ ಎತ್ತಬೇಕು. ಕೊಡುವವರಿಗೆ ಬಾಯಿಬಿಟ್ಟು ಕೇಳಲು ಸಂಕೋಚವಾಗುತ್ತದೆ.

"ಫೋನಿನಲ್ಲಿ 'ಆಯ್ತು ಹಾಕ್ಕೊಳ್ಳಿ' ಅಂದರು. ಸಾಕಾ?"

ಸ್ನೇಹಕ್ಕೆ ಸಾಕು, ಕಾಯ್ದೆಗೆ ಸಾಲದು. ಪರವಾನಗಿಯಾಗಲಿ ಹಕ್ಕಿನ ವರ್ಗಾವಣೆಯಾಗಲಿ ಬರಹದಲ್ಲಿರಬೇಕು. ಫೋನ್ ಇಟ್ಟ ತಕ್ಷಣ "ಈಗ ಮಾತಾಡಿದಂತೆ..." ಎಂದು ಒಂದು ಸಂದೇಶ ಕಳಿಸಿ, "ಸರಿ" ಎಂಬ ಉತ್ತರವನ್ನು ಉಳಿಸಿಕೊಳ್ಳಿ. ಛಾಯಾಗ್ರಾಹಕರಿಗೂ ಒಂದು ಮಾತು: ಹಕ್ಕನ್ನು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತದೊಳಗೆ ಎಂದೂ ಕಾಯ್ದೆ ಭಾವಿಸುತ್ತದೆ.

"ಯಾರು ತೆಗೆದದ್ದು ಅಂತ ಎಷ್ಟು ಹುಡುಕಿದರೂ ಸಿಗಲಿಲ್ಲ. ಏನು ಮಾಡಲಿ?"

ಮೊದಲು ಚಿತ್ರವನ್ನೇ ಕೊಟ್ಟು ಹುಡುಕುವ ಸೌಲಭ್ಯ ಬಳಸಿ, ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ದೊಡ್ಡ ಗಾತ್ರದ ಪ್ರತಿ ಎಲ್ಲಿದೆ ನೋಡಿ. ಬಹಳ ಸಲ ಅಲ್ಲೇ ಹೆಸರು ಸಿಗುತ್ತದೆ. ಕರ್ತೃ ಪತ್ತೆಯಾಗದ ಕೃತಿಗಳಿಗೆ ಸೆಕ್ಷನ್ 31ಎ ಅಡಿ ಪರವಾನಗಿ ಪಡೆಯುವ ದಾರಿ ಇದೆ, ಆದರೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ, ವಿಚಾರಣೆಗೆ ಕಾಯಬೇಕು. ಸ್ಮರಣ ಸಂಚಿಕೆಯ ಸಮಿತಿಗೆ ಅದು ಆಗದ ಕೆಲಸ. ಬೇರೆ ಚಿತ್ರ ಹುಡುಕಿ, ಇಲ್ಲವೇ ಊರಿನ ಹುಡುಗರ ಕೈಗೆ ಕ್ಯಾಮೆರಾ ಕೊಟ್ಟು ಕಳಿಸಿ. ನಮ್ಮ ಸಂಚಿಕೆಯ ಅತ್ಯುತ್ತಮ ಮುಖಪುಟ ಹಾಗೆಯೇ ಬಂತು.

## ತಕರಾರು ಬಂದಾಗ, ಇನ್ನೂ ಮುಂದಿನ ಪ್ರಶ್ನೆಗಳು

"ನನ್ನ ಫೋಟೊ ಕದ್ದಿದ್ದಾರೆ. ಎಲ್ಲಿಂದ ಶುರು ಮಾಡಲಿ?"

ಮೊದಲು ಸಾಕ್ಷ್ಯ: ದಿನಾಂಕ ಕಾಣುವ ಹಾಗೆ ಸ್ಕ್ರೀನ್‌ಶಾಟ್, ಫ್ಲೆಕ್ಸ್ ಆದರೆ ಅದರ ಫೋಟೊ, ನಿಮ್ಮ ಮೂಲ ಫೈಲು. ಮುಂಚಿನ ಹಾಗೂ ನಂತರದ ಕ್ಲಿಕ್‌ಗಳನ್ನೂ ಉಳಿಸಿಕೊಳ್ಳಿ, ಅವು ಕದ್ದವರ ಬಳಿ ಇರುವುದಿಲ್ಲ. ಆಮೇಲೆ ಸೌಮ್ಯವಾದ ಒಂದು ಪತ್ರ. ನನ್ನ ಅನುಭವದಲ್ಲಿ ಹೆಚ್ಚಿನವು ಅಲ್ಲೇ ಮುಗಿಯುತ್ತವೆ. ಮಂಗಟ್ಟೆಯ ಫ್ಲೆಕ್ಸ್ ಕೂಡ ಪತ್ರ ತಲುಪಿದ ವಾರದಲ್ಲಿ ಇಳಿಯಿತು.

ಜಾಲತಾಣದಲ್ಲಿದ್ದರೆ ಆ ತಾಣಕ್ಕೆ ಲಿಖಿತ ದೂರು ಕೊಡಿ. 2013ರ ಹಕ್ಕುಸ್ವಾಮ್ಯ ನಿಯಮಗಳ ಪ್ರಕಾರ ದೂರು ಸರಿಯಾಗಿದ್ದರೆ 36 ಗಂಟೆಯೊಳಗೆ ಅವರು ಅದನ್ನು ಕಾಣದಂತೆ ಮಾಡಬೇಕು, 21 ದಿನದೊಳಗೆ ನೀವು ಕೋರ್ಟಿನ ಆದೇಶ ತರದಿದ್ದರೆ ಮತ್ತೆ ತೆರೆಯಬಹುದು. ಕೋರ್ಟಿಗೆ ಹೋಗುವುದಾದರೆ ನೀವು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಲು ಕಾಯ್ದೆ ಅವಕಾಶ ಕೊಡುತ್ತದೆ. ತಡೆಯಾಜ್ಞೆ, ಪರಿಹಾರ ಎರಡನ್ನೂ ಕೇಳಬಹುದು. ನೋಂದಣಿ ಕಡ್ಡಾಯವಲ್ಲದಿದ್ದರೂ ಸಾಕ್ಷ್ಯವಾಗಿ ಬಲ ಕೊಡುತ್ತದೆ, ಒಂದು ಕಲಾಕೃತಿಗೆ ಶುಲ್ಕ 500 ರೂಪಾಯಿ.

ಕ್ರಿಮಿನಲ್ ದಾರಿಯೂ ಇದೆ. ಗೊತ್ತಿದ್ದೂ ಉಲ್ಲಂಘಿಸಿದರೆ ಸೆಕ್ಷನ್ 63ರಡಿ ಆರು ತಿಂಗಳಿನಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಇದು ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. ಅಷ್ಟು ದೊಡ್ಡ ಅಸ್ತ್ರವನ್ನು ಕಾಲೇಜು ಹುಡುಗನ ಸ್ಟೇಟಸ್ ಮೇಲೆ ಎತ್ತಬೇಡಿ ಎಂಬುದು ನನ್ನ ಮನವಿ.

"ನಮಗೇ ಲೀಗಲ್ ನೋಟಿಸ್ ಬಂದಿದೆ!"

ಸುಮ್ಮನಿರಬೇಡಿ, ಗಾಬರಿಯಲ್ಲಿ ಹಣವನ್ನೂ ಕಳಿಸಬೇಡಿ. ಚಿತ್ರವನ್ನು ಇಂದೇ ತೆಗೆಯಿರಿ. ನೋಟಿಸ್ ಕೊಟ್ಟವರು ನಿಜಕ್ಕೂ ಹಕ್ಕುದಾರರೇ ಎಂಬುದಕ್ಕೆ ದಾಖಲೆ ಕೇಳಿ, ಏಕೆಂದರೆ ಮುಕ್ತ ಪರವಾನಗಿಯ ಚಿತ್ರಕ್ಕೂ ಹಣ ಕೇಳುವವರಿದ್ದಾರೆ. ತಪ್ಪಾಗಿದ್ದರೆ ಒಪ್ಪಿ, ಆ ಬಳಕೆಗೆ ತಕ್ಕ ಸಂಭಾವನೆಯ ಮಾತಾಡಿ. ಉತ್ತರ ಬರೆಯುವ ಮೊದಲು ವಕೀಲರಿಗೆ ತೋರಿಸಿ.

"ನಾವು ಅಮೆರಿಕದಲ್ಲಿರೋ ಕನ್ನಡ ಕೂಟ. ನಮಗೆ ಯಾವ ಕಾನೂನು?"

ನೀವು ಚಿತ್ರ ಬಳಸಿದ ದೇಶದ್ದು. ಬರ್ನ್ ಒಪ್ಪಂದದ ದೇಶಗಳು ಒಂದಿನ್ನೊಂದರ ಕೃತಿಗಳನ್ನು ಕಾಪಾಡುತ್ತವೆ, ಹಾಗಾಗಿ ಮಂಡ್ಯದಲ್ಲಿ ತೆಗೆದ ಚಿತ್ರಕ್ಕೆ ಡಲ್ಲಾಸಿನಲ್ಲೂ ರಕ್ಷಣೆ ಇದೆ. ಅಮೆರಿಕದಲ್ಲಿ ನೋಂದಾಯಿಸಿದ ಕೃತಿಗೆ ಕಾನೂನೇ ಗೊತ್ತುಪಡಿಸಿದ ಪರಿಹಾರ 750 ಡಾಲರಿನಿಂದ 30,000 ಡಾಲರ್, ಬೇಕೆಂದೇ ಮಾಡಿದ್ದಾದರೆ 1,50,000 ಡಾಲರಿನವರೆಗೆ. ಯುಗಾದಿ ಕಾರ್ಯಕ್ರಮದ ಒಂದು ಪೋಸ್ಟರಿಗೆ ಕೂಟದ ವರ್ಷದ ಚಂದಾ ಪೂರ್ತಿ ಹೋದೀತು. ಜರ್ಮನಿಯಲ್ಲಿ ವಕೀಲರ ಎಚ್ಚರಿಕೆ ಪತ್ರವೇ ಶುಲ್ಕದ ಬಿಲ್ಲಿನ ಸಮೇತ ಬರುವ ರೂಢಿ ಇದೆ.

"ಕಾಡಿನಲ್ಲಿ ತಾನೇ ಕ್ಲಿಕ್ ಆಗುವ ಕ್ಯಾಮೆರಾ ಟ್ರ್ಯಾಪ್ ಮುಂದೆ ಹುಲಿ ಹೋದರೆ, ಫೋಟೊ ಯಾರದ್ದು?"

ಹುಲಿಯದ್ದಂತೂ ಅಲ್ಲ. ಇಂಡೊನೇಷ್ಯಾದ ಕಪಿಯೊಂದು ತಾನೇ ಒತ್ತಿ ತೆಗೆದುಕೊಂಡ ಚಿತ್ರದ ಮೊಕದ್ದಮೆಯಲ್ಲಿ, ಪ್ರಾಣಿ ಕಾಪಿರೈಟ್ ದಾವೆ ಹೂಡಲಾರದು ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿತು. ಕ್ಯಾಮೆರಾದ ಜಾಗ, ಎತ್ತರ, ಕೋನ ನಿರ್ಧರಿಸಿದವರ ಕೆಲಸವೇ ಆ ಚಿತ್ರದ ಹಿಂದಿರುತ್ತದೆ. ಅವರು ಸಂಬಳಕ್ಕಿದ್ದರೆ ಸಂಸ್ಥೆಯದ್ದೋ ಇಲಾಖೆಯದ್ದೋ ಆಗುತ್ತದೆ.

"ಅಪ್ಪ ಸ್ಟುಡಿಯೋ ನಡೆಸುತ್ತಿದ್ದರು. ಅಟ್ಟದ ಮೇಲೆ ನೆಗೆಟಿವ್‌ಗಳ ಪೆಟ್ಟಿಗೆ ಇದೆ. ಅದನ್ನು ನಾನು ಹಂಚಬಹುದಾ?"

ಪೆಟ್ಟಿಗೆಯನ್ನು ಎರಡು ಪಾಲು ಮಾಡಿಕೊಳ್ಳಿ. ಜಾತ್ರೆ, ಕೆರೆ, ಪೇಟೆಬೀದಿ, ಮಳೆ ಎಂದು ನಿಮ್ಮಪ್ಪ ತಮ್ಮ ಖುಷಿಗೆ ತೆಗೆದ ಚಿತ್ರಗಳ ಹಕ್ಕು ವಾರಸುದಾರರಿಗೆ, ಅಂದರೆ ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಬಂದಿದೆ. ಅವರು 1998ರಲ್ಲಿ ತೀರಿಕೊಂಡಿದ್ದರೆ 2058ರ ಕೊನೆಯವರೆಗೆ ಅದು ನಿಮ್ಮದು. ಒಡಹುಟ್ಟಿದವರೆಲ್ಲ ಒಪ್ಪಿದರೆ ಮುಕ್ತ ಪರವಾನಗಿಯಲ್ಲಿ ಬಿಡಬಹುದು. ಆದರೆ ಊರವರು ಬಂದು, ದುಡ್ಡು ಕೊಟ್ಟು ತೆಗೆಸಿಕೊಂಡ ಭಾವಚಿತ್ರಗಳ ನೆಗೆಟಿವ್ ಮಾತ್ರ ನಿಮ್ಮಲ್ಲಿದೆ, ಹಕ್ಕು ಆ ಮನೆಗಳದ್ದು. ಅಂಥವನ್ನು ಆನ್‌ಲೈನಿಗೆ ಹಾಕುವ ಮೊದಲು ಪ್ರಿಂಟ್ ತೆಗೆಸಿ ಆ ಮನೆಗಳಿಗೆ ಒಯ್ದು ಕೊಡಿ. ತಮ್ಮ ಅಜ್ಜನ ಮುಖವನ್ನೇ ನೋಡಿರದ ಮೊಮ್ಮಕ್ಕಳು ಅಲ್ಲಿರುತ್ತಾರೆ. ಲಕೋಟೆಗಳ ಮೇಲೆ ಅಪ್ಪ ಪೆನ್ಸಿಲಿನಲ್ಲಿ ಬರೆದ ಹೆಸರು, ತಾರೀಖುಗಳನ್ನು ಒರೆಸಬೇಡಿ. ನೆಗೆಟಿವ್ ಸ್ಕ್ಯಾನ್ ಮಾಡುವಾಗ ಆ ಲಕೋಟೆಯನ್ನೂ ಜೊತೆಗೆ ಸ್ಕ್ಯಾನ್ ಮಾಡಿ.